ಹಗೇವಿಗೆ ಇಳಿಯುತ್ತಿದ್ದ ಕಾಕಾ

ಮನುಷ್ಯನ ನಿಜವಾದ ಅಳತೆ ಅವನ ಗುಣದಲ್ಲಿದೆಯೇ ಹೊರತು ದೇಹದಲ್ಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅವರಲ್ಲಿ ಯಾರೂ ಹಗೇವಿಗೆ ಇಳಿದವರಲ್ಲ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಒಳಗೆ ಕೋಣೆಯಷ್ಟು ಅಗಲ; ಬಾಯಿ ಮಾತ್ರ ಒಬ್ಬ ತೆಳ್ಳಗಿನವನು ನುಸುಳುವಷ್ಟು. ಜೇವರ್ಗಿ ಸೀಮೆಯ ನಮ್ಮೂರಲ್ಲಿ ಅದಕ್ಕೆ ಇಳಿಯುವವನು ನೆರೆಮನೆಯ ಕಾಕಾ. ಮೊದಲು ಒಳಗಿನ ಗಾಳಿ ನೋಡಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಬಲಗೈ ಮೇಲೆತ್ತಿ, ಎಡಗೈ ತೊಡೆಗೆ ಅಂಟಿಸಿ, ಉಸಿರು ಬಿಟ್ಟು, ಸೂಜಿಗೆ ದಾರ ಪೋಣಿಸಿದಂತೆ ಇಳಿಯುತ್ತಿದ್ದ. ಒಳಗಿನಿಂದ ಅವನು ಜೋಳದ ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿದರೆ ನಾವು ಹಗ್ಗದಿಂದ ಎಳೆದುಕೊಳ್ಳುತ್ತಿದ್ದೆವು. ಸೊಂಟ ಹುಡುಗನದು, ರಟ್ಟೆ ಪೈಲವಾನನದು ಇದ್ದವನಿಗೆ ಮಾತ್ರ ಒಪ್ಪುವ ಕೆಲಸ. ನಿಜಾಮರ ಆ ಕಾಲದಲ್ಲಿ ಬೊಜ್ಜು ದೌಲತ್ತಿನ ಲಕ್ಷಣ. ಕಾಕಾನಿಗೆ ಆ ಭಾಗ್ಯ ನಿಷಿದ್ಧವಾಗಿತ್ತು.

ಒಂದು ಮಳೆಗಾಲ ಅವನು ಆಳಂದದ ಮಗಳ ಮನೆಗೆ ಹೋಗಿ ಉಳಿದ. ಬೀಗರದು ಎಮ್ಮೆಗಳ ಮನೆ. ಬಡಿಸಿದ ಹಾಲು-ತುಪ್ಪ ಬೇಡ ಎನ್ನುವುದು ಮರ್ಯಾದೆಯಲ್ಲ. ದೀಪಾವಳಿಗೆ ಮರಳಿ ಬಂದು ಗೌಡರ ಹಗೇವಿಗೆ ಇಳಿದವನು ಸೊಂಟದಲ್ಲಿ ಸಿಕ್ಕಿಕೊಂಡ.

"ಯಾಕೋ ಕಾಕಾ, ಹಗೇದ ಬಾಯಿಗಿ ಬೂಚ ಆಗೀ ಏನು?" ಎಂದ ಯಾರೋ.

"ನಗಸಬ್ಯಾಡ್ರೋ, ನಕ್ಕರ ಹೊಟ್ಟಿ ಮತ್ತ ಉಬ್ಬತದ!"

ನಾಲ್ವರು ಸೇರಿ ಕಿತ್ತೆವು. ಆ ಸಲ ನೆಲೋಗಿಯಿಂದ ಒಬ್ಬ ಸಣಕಲನನ್ನು ಕರೆಸಬೇಕಾಯಿತು. ಗೌಡರು ಸಮಾಧಾನದಿಂದಲೇ ಹೇಳಿದರು: "ಹೋಳಿ ಹುಣಿವಿಗೆ ಮತ್ತ ತೆಗೀತೇವಿ. ಇಳದ್ರ ನೀ ಇಳಿ. ಇಲ್ಲಂದ್ರ ಇನ್ನ ಮ್ಯಾಲ ನೆಲೋಗಿಯವನ ಖಾಯಂ."

ಕಾಕಾನಿಗೆ ಅದು ಅಪ್ಪನಿಂದ ಬಂದ ಕೆಲಸ. ಮನೆಯ ವರ್ಷದ ಜೋಳ ಅದರಿಂದಲೇ ಬರಬೇಕು. ಕಾಕಾ ಉಪವಾಸ ಹಿಡಿದ. ನೀರಿನಂಥ ಅಂಬಲಿ ಕುಡಿದು ಗೋಡೆಗೆ ಒರಗಿದ. ಸಂಕ್ರಾಂತಿ ಹೊತ್ತಿಗೆ ನಮ್ಮ ಮನೆಯ ಹಗೇವಿಗೆ ಸಲೀಸಾಗಿ ಇಳಿದ. ಬುಟ್ಟಿ ಮಾತ್ರ ಅವನ ಮೊಣಕಾಲು ದಾಟಿ ಮೇಲೇಳಲಿಲ್ಲ. ಕೊನೆಗೆ ಜೋಳದ ಬದಲು ಕಾಕಾನನ್ನೇ ಎಳೆದುಕೊಂಡೆವು.

ಕಾಕಿ ಸೆರಗು ಸಿಕ್ಕಿಸಿಕೊಂಡು ಬಂದಳು. "ಕರಗಬೇಕಾದದ್ದು ಹೊಟ್ಟಿ. ನೀವು ರಟ್ಟಿ ಕರಗಿಸಿಕೊಂಡು ಕುಂತೀರಿ. ಎತ್ತಿಗಿ ಮೇವು ಹಾಕಲಾರದ ಹೊಲದಾಗ ಗಳೇ ಹೊಡದ್ರ ನಡೀತದೇನ್ರಿ?"

"ಮತ್ತೇನ ಮಾಡ್ಲೆಬೇ?"

"ಉಣ್ರಿ. ನಾ ಹಾಕಿದ್ದು, ನಾ ಹಾಕಿದಷ್ಟು."

ಮೇದಾರರಿಂದ ಹಗೇವಿನ ಬಾಯಿಯಷ್ಟೇ ಅಗಲದ ಬಿದಿರಿನ ಬಳೆ ಮಾಡಿಸಿದಳು. ದಿನಾ ಬೆಳಗ್ಗೆ ಕಾಕಾ ಅಂಗಳದಲ್ಲಿ ಅದರೊಳಗೆ ನುಸುಳಬೇಕು. ಆಮೇಲೆ ಉಸುಕು ತುಂಬಿದ ಬುಟ್ಟಿಯನ್ನು ಕೈ ಸೋಲುವವರೆಗೆ ತಲೆಯ ಮೇಲೆತ್ತಬೇಕು. ಬಳೆ ಬಿಗಿಯಾದರೆ ಅಂದು ರೊಟ್ಟಿ ಕಡಿಮೆ. ಬುಟ್ಟಿ ಏಳದಿದ್ದರೆ ಮಡಕಿಕಾಳು, ಹೆಸರುಕಾಳು, ಮಜ್ಜಿಗೆ ಹೆಚ್ಚು. ಬೆಲ್ಲ ಮತ್ತು ಬೆಣ್ಣೆಗಳನ್ನು ನಮ್ಮ ಮನೆಯಲ್ಲಿಟ್ಟಳು. ಅವುಗಳ ರಕ್ಷಣೆಯನ್ನು ನಾವು ನಮ್ಮದೇ ರೀತಿಯಲ್ಲಿ ಮಾಡಿದೆವು. "ಇಕಿ ನನ್ನ ಸರ್ಕಸ್ಸಿಗಿ ಮಾರ್ತಾಳಪಾ" ಎಂದು ಕಾಕಾ ಬಳೆಯೊಳಗಿಂದಲೇ ನನಗೆ ದೂರುತ್ತಿದ್ದ. ನಿಧಾನವಾಗಿ ರಟ್ಟೆ ತುಂಬಿತು, ಹೊಟ್ಟೆ ಮಾತ್ರ ಮರಳಿ ಬರಲಿಲ್ಲ.

ಹೋಳಿ ಹುಣ್ಣಿಮೆಗೆ ನೆಲೋಗಿಯವನೂ ಬಂದು, ಹೊಸ ರುಮಾಲು ಸುತ್ತಿಕೊಂಡು, ಬೇವಿನ ನೆರಳಲ್ಲಿ ಕುಳಿತ. ಕಾಕಾ ಇಳಿದ. ಬುಟ್ಟಿ ಬಂತು. ಮತ್ತೆ ಬಂತು. ಹೊತ್ತು ಏರಿದರೂ ಬರುತ್ತಲೇ ಇತ್ತು. ಇಳಿಹೊತ್ತಿಗೆ ಒಮ್ಮೆಲೇ ನಿಂತಿತು. ನಾನು ಹಗ್ಗ ಜಗ್ಗಿ ನೋಡಿದೆ. ನೆಲೋಗಿಯವನು ತಾನು ಇಳಿಯಲು ಎದ್ದು ರುಮಾಲು ಬಿಚ್ಚತೊಡಗಿದ.

ಗೌಡರು ಬಾಗಿ ಕೇಳಿದರು: "ಏನಾತೋ? ಸಾಕಾತೇನು?"

ಒಳಗಿನಿಂದ ಧ್ವನಿ ಬಂತು: "ಜ್ವಾಳ ಮುಗದಾವ್ರಿ ಗೌಡ್ರ. ಕಸಬರಿಗಿ ಕೆಳಗ ಬಿಡ್ರಿ."

ಕಾಕಾ ತೀರಿಕೊಳ್ಳುವವರೆಗೆ ನಮ್ಮೂರಿಗೆ ನೆಲೋಗಿಯಿಂದ ಯಾರನ್ನೂ ಕರೆಸಲಿಲ್ಲ.