ಇನಾಸ ಒರೆಸುತ್ತಿದ್ದ ಅಂತೋನಿ

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಗುತ್ತಿದ್ದವನು ನಾನು. ಕುಮಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದೆ. ಮನೆತನದ ಕಸುಬು ಮರದ ಕೆತ್ತನೆ. ಮರ ಸುಳ್ಳು ಹೇಳುವುದಿಲ್ಲ ಎಂದು ಹೋದಲ್ಲೆಲ್ಲ ಜಂಬ ಕೊಚ್ಚುತ್ತಿದ್ದೆ. ಇದನ್ನು ಓದಿ ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಿವೃತ್ತಿಯ ಮೇಲೆ ಹಳೆಯ ಮೂರ್ತಿಗಳ ವಯಸ್ಸು, ಮೂಲ ಹೇಳುವ ಹವ್ಯಾಸ ಬೆಳೆಯಿತು. ದೇವರಗೂಡಿನ ಬಾಗಿಲಿನಿಂದ ಹಿಡಿದು ಇಗರ್ಜಿಯ, ಅಂದರೆ ಚರ್ಚಿನ, ಸಂತರವರೆಗೆ ಜನ ತಂದು ತೋರಿಸುತ್ತಿದ್ದರು. ಗೋವೆಯವರು ಕೆತ್ತಿದ ಸಂತನಿಗೂ ನಮ್ಮ ಕಡೆಯವರು ಕೆತ್ತಿದ ಸಂತನಿಗೂ ಇರುವ ವ್ಯತ್ಯಾಸ ನನಗೆ ನೋಡಿದೊಡನೆ ತಿಳಿಯುತ್ತಿತ್ತು. ನಮ್ಮವರ ಕೈಯಲ್ಲಿ ನಿಲುವಂಗಿಯೂ ಪಂಚೆಯ ನೆರಿಗೆಯ ಹಾಗೆ ಇಳಿಯುತ್ತದೆ, ಕಿವಿ ತುಸು ಉದ್ದವಾಗುತ್ತದೆ.

ಎಂಟು ವರ್ಷದ ಹಿಂದೆ, ಹೊನ್ನಾವರದ ಆಚೆ ಹೊಳೆದಂಡೆಯ ಒಂದು ಚಿಕ್ಕ ಇಗರ್ಜಿಯಿಂದ ಕರೆ ಬಂತು. ಅಲ್ಲಿಯ ಮರದ ಸಂತ ಅಂತೋನಿ ಬಲು ಹಳಬ. ಕಳೆದದ್ದನ್ನು ಹುಡುಕಿಕೊಡುವವನೆಂದು ಬಲೆ ಕಳೆದುಕೊಂಡ ಮೀನುಗಾರರು, ಹಿಂದೂಗಳೂ ಕೂಡ, ಅವನ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದರು. ಆ ಮಳೆಗಾಲದಲ್ಲಿ ಹೆಂಚು ಸೋರಿತೆಂದು ಇಗರ್ಜಿ ನೋಡಿಕೊಳ್ಳುತ್ತಿದ್ದ ಇನಾಸ ಮೂರ್ತಿಯನ್ನು ಎರಡು ದಿನ ತನ್ನ ಮನೆಯಲ್ಲಿಟ್ಟಿದ್ದ. ತಿರುಗಿ ತಂದಿಟ್ಟ ಮೇಲೆ ಯಾರೋ, ಇದು ನಮ್ಮ ಅಂತೋನಿಯಲ್ಲ, ಹಳೆಯದನ್ನು ಮಾರಿ ಹೊಸದನ್ನು ಇಟ್ಟಿದ್ದಾನೆ ಎಂದರು. ತೀರ್ಮಾನ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಹತ್ತು ಜನರೆದುರು ಮೂರ್ತಿಯನ್ನು ಮಲಗಿಸಿ ನೋಡಿದೆ. ಮರ ಸೀಳದಿರಲೆಂದು ಬೆನ್ನನ್ನು ಟೊಳ್ಳು ಮಾಡಿದ್ದರು. ಮರ ಹಲಸು. ಹಲಸು ಹೊಸದಾಗಿ ಕೆತ್ತಿದಾಗ ಅರಿಶಿನದ ಬಣ್ಣ, ವರ್ಷ ಕಳೆದಂತೆ ಕಂದು. ಟೊಳ್ಳಿನೊಳಗೆ ಉಳಿಯ ತುದಿಯಿಂದ ಕೆರೆದೆ. ಹಳದಿ ಪುಡಿ ಉದುರಿತು. ಹುಳು ತಿಂದಂತಿದ್ದ ತೂತುಗಳಿಗೆ ತೆಂಗಿನ ಗರಿಯ ಕಡ್ಡಿ ತೂರಿಸಿದೆ. ಹುಳು ನೆಟ್ಟಗೆ ಕೊರೆಯುವುದಿಲ್ಲ, ಕಡ್ಡಿ ಒಳಗೆ ತಡೆಯಬೇಕು. ಇಲ್ಲಿ ಸೀದಾ ಹೋಯಿತು. ಡ್ರಿಲ್ಲಿನ ತೂತು! ಮೇಲಿನ ಬಣ್ಣವೂ ಒಂದೇ ಪದರ. ಅಭ್ಯಾಸದಂತೆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು, ಟೊಳ್ಳಿನ ಮೂಲೆಯಲ್ಲಿ ಪೆನ್ಸಿಲಿನಿಂದ ನನ್ನದೊಂದು ಸಣ್ಣ ಗುರುತು ಹಾಕಿದೆ. ಆ ಗುರುತಿನ ವಿಷಯ ನಾನು ಯಾರಿಗೂ ಹೇಳುವವನಲ್ಲ.

“ಹೊಸದು” ಎಂದೆ.

ಇನಾಸ ಜಗಳಕ್ಕೆ ಬರಲಿಲ್ಲ. “ಮಾಸ್ತರೆ, ಇನ್ನೊಂದ್ಸಲ ನೋಡಿ. ಇಪ್ಪತ್ತೇಳು ವರ್ಷ ನಾನೇ ಒರ್ಸಿದ್ದು. ನನ್ನ ಕೈಗೆ ಗೊತ್ತಾಗುದಿಲ್ವ?” ಎಂದ. ನಾನು ಮತ್ತೆ ನೋಡಲಿಲ್ಲ. ಚಾ ಕುಡಿದು ಬಸ್ಸು ಹತ್ತಿದೆ.

ಊರವರು ಅವನಿಂದ ಇಗರ್ಜಿಯ ಕೀಲಿ ಕಸಿದುಕೊಂಡರು. ದಿನವೂ ಬಾರಿಸುತ್ತಿದ್ದ ಗಂಟೆಯ ಹಗ್ಗವನ್ನು ಮುಟ್ಟಗೊಡಲಿಲ್ಲ. ಅವನು ಹೊರಗೆ ಮುಖ ತೋರಿಸುವುದನ್ನೇ ನಿಲ್ಲಿಸಿದ, ಊಟ ಬಿಟ್ಟ, ದೀಪಾವಳಿಯ ಹೊತ್ತಿಗೆ ತೀರಿಕೊಂಡ. ಇದೆಲ್ಲ ನನಗೆ ತಿಳಿದದ್ದು ಮುಂದಿನ ತಿಂಗಳು ಅವನ ಹೆಂಡತಿ ರೋಜಿಬಾಯಿ ಕುಮಟೆಯಲ್ಲಿ ನನ್ನ ಮನೆ ಹುಡುಕಿಕೊಂಡು ಬಂದಾಗ. “ಬೈಯುಕೆ ಬಂದದ್ದಲ್ಲ ಮಾಸ್ತರೆ. ಇನ್ನೊಂದ್ಸಲ ನೋಡುಕೆ ಹೇಳು ಅಂದಿದ್ರು ಅವ್ರು. ಅಷ್ಟೇಯ” ಎಂದಳು. ಅವಳ ಸಮಾಧಾನಕ್ಕೆಂದು ಮರುದಿನ ಹೊರಟೆ.

ಮಧ್ಯಾಹ್ನ ಮೂರು ಗಂಟೆ. ಇಗರ್ಜಿಯೊಳಗೆ ಬೇಕಾದಷ್ಟು ಬೆಳಕಿತ್ತು, ರೋಜಿಬಾಯಿ ಪಕ್ಕದಲ್ಲಿ ನಿಂತಿದ್ದಳು. ಮೂರ್ತಿಯನ್ನು ತಿರುಗಿಸಿದೆ. ನನ್ನ ಪೆನ್ಸಿಲಿನ ಗುರುತು ಇತ್ತು, ಪಕ್ಕದಲ್ಲೇ ನಾನು ಕೆರೆದ ಗೀರು. ಮೂರ್ತಿ ಅದೇ. ಆದರೆ ಗೀರಿನೊಳಗೂ ಮರ ಅಟ್ಟದ ತೊಲೆಯ ಹಾಗೆ ಕಂದಾಗಿತ್ತು. ಇನ್ನೂ ಆಳಕ್ಕೆ ಕೆರೆದೆ. ಕಂದು ಪುಡಿಯೇ ಬಂತು. ಕಡ್ಡಿ ಯಾವ ತೂತಿನಲ್ಲೂ ಅರ್ಧ ಬೆರಳು ಇಳಿಯಲಿಲ್ಲ. ನೆರಿಗೆಗಳಲ್ಲಿ ಬಣ್ಣದ ಮೇಲೆ ಬಣ್ಣ, ಎಣಿಸಿದರೆ ಐದು ಪದರ. ಇನ್ನೂರು ವರ್ಷಕ್ಕೆ ಕಡಿಮೆಯಿಲ್ಲದ, ನಮ್ಮ ಕಡೆಯವರದೇ ಕೆತ್ತನೆ. ಉಳಿಯನ್ನು ಕೆಳಗಿಟ್ಟೆ. ಹೆದರಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

“ಎಂತ ಆತು ಮಾಸ್ತರೆ?”

“ಹಳೆಯದು.”

ರೋಜಿಬಾಯಿ ಬೆಂಚಿನ ಮೇಲೆ ಕೂತಳು. “ಹಂಗಾದ್ರೆ ಭಾನ್ವಾರ ಎಲ್ಲರೆದ್ರಿಗೆ ಹೇಳಿ” ಎಂದಳು.

ಮನೆಗೆ ಬಂದವನೇ ಮೊದಲ ಸಲ ಕಟ್ಟಿಕೊಂಡಿದ್ದ ಕಾಗದದ ಪೊಟ್ಟಣ ಬಿಚ್ಚಿದೆ. ಪುಡಿ ಹಳದಿಯಾಗಿತ್ತು. ಅದು ಈಗಲೂ ನನ್ನ ಬಳಿ ಇದೆ. ಎಂಟು ವರ್ಷದಲ್ಲಿ ಹೊಸ ಹಲಸು ಎಷ್ಟು ಕಂದಾಗಬೇಕೋ ಅಷ್ಟೇ ಕಂದಾಗಿದೆ. ಅಂದು ನನ್ನ ಕಣ್ಣು ಮೋಸಹೋಗಿದ್ದರೆ ಇನಾಸನನ್ನು ಕೊಂದವನು ನಾನೇ. ಮೋಸಹೋಗಿರದಿದ್ದರೆ ಆ ಕೆಲವು ತಿಂಗಳಲ್ಲಿ ಮರಕ್ಕೆ ಏನಾಯಿತು? ದೇವರು ದೆವ್ವಗಳನ್ನು ನಂಬದ ನಾನು, ಮರಕ್ಕೆ ಏನೋ ಆಗಿರಲಿ, ಹೇಗಾದರೂ ಆಗಿರಲಿ ಎಂದು ಎಷ್ಟು ಸಲ ಬೇಡಿಕೊಂಡಿದ್ದೇನೋ ಲೆಕ್ಕವಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಜನರೆದುರು ನಿಂತೆ. ರೋಜಿಬಾಯಿ ಮುಂದಿನ ಸಾಲಿನಲ್ಲಿದ್ದಳು. “ಇನಾಸ ಕದ್ದಿಲ್ಲ. ಅಂದು ನಾನು ನೋಡಿದ್ದು ತಪ್ಪು” ಎಂದೆ. ಮೊದಲನೆಯ ಮಾತು ನಿಜ. ಎರಡನೆಯದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.