ಬಚ್ಚಲ ಒಲೆಗೆ ಹೋದ ಕುಂಬಳದ ಬೀಜ

ಆ ದಿನಗಳಲ್ಲಿ ಶಲವಡಿಯ ನಮ್ಮ ಓಣಿಯಲ್ಲಿ ಕುಂಬಳದ ಬೀಜವನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ, ಗೋಡೆಯಿಂದ ಬಿಡಿಸಿಕೊಳ್ಳುತ್ತಿದ್ದರು. ಒಳ್ಳೆಯ ಕಾಯಿಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಸೆಗಣಿಯೊಳಗೆ ಒತ್ತಿ, ರೊಟ್ಟಿಯಷ್ಟಗಲ ತಟ್ಟಿ ಹಿತ್ತಲ ಗೋಡೆಗೆ ಬಡಿದರೆ ಮಳೆಗಾಲದವರೆಗೆ ಹುಳದ ಚಿಂತೆ ಇರಲಿಲ್ಲ. ನಿಮ್ಮಲ್ಲಿ ಕೆಲವರ ಮನೆಯ ಗೋಡೆಯ ಮೇಲೂ ಅಂಥದೊಂದು ಇದ್ದಿರಬೇಕು.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕುಂಬಳ ಬೆಳೆಯುವುದರಲ್ಲಿ ಎತ್ತಿದ ಕೈ. ಅವಳ ಒಂದು ಕಾಯಿಯನ್ನು ಅಪ್ಪ, ಕಾಕಾ ಇಬ್ಬರೂ ಸೇರಿ ಗೋಣಿಚೀಲದ ಮೇಲಿಟ್ಟು ಹೊರಬೇಕಿತ್ತು. ಅದನ್ನು ಒಡೆದ ದಿನ ಬೆಲ್ಲ ಹಾಕಿ ಕರಿದ ಗಾರಿಗೆಯ ವಾಸನೆ ಓಣಿಯ ಕೊನೆಯವರೆಗೂ ಹೋಗುತ್ತಿತ್ತು. ದೇವಿಕೊಪ್ಪದ ತವರಿನಿಂದ ಮದುವೆಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೀಜವದು. ತವರಿನಲ್ಲಿ ಆ ಬಳ್ಳಿ ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದವು.

ಯುಗಾದಿ ಮುಗಿಯುತ್ತಲೇ ಆಯಿ ಹಿತ್ತಲಿನಲ್ಲಿ ನನ್ನ ಸೊಂಟದಷ್ಟು ಆಳದ ತಗ್ಗು ತೋಡಿ ಬಿಸಿಲಿಗೆ ಬಿಡುತ್ತಿದ್ದಳು. ನಮ್ಮ ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆಂದು ತಳಕ್ಕೆ ಒಡೆದ ಹಂಚು, ಅದರ ಮೇಲೆ ಹಳ್ಳದ ಮರಳು, ಮೇಲೆ ಗೊಬ್ಬರ, ಒಲೆಯ ಬೂದಿ.

"ಆಯಿ, ಬೀಜಾ ಹಾಕೂಣೇನ?"

"ಗೊಬ್ಬರದಾಗ ಕೈ ಹಾಕಿ ನೋಡು. ಹೆಂಗೈತಿ?"

"ಬೆಚ್ಚಗ ಐತಿ."

"ಹಂಗಾರ ಇನ್ನಾ ಬೀಜಾ ಸುಡತೈತಿ. ತಡಿ, ತಂಪಾಗಲಿ."

ನಾನು ಶಾಲೆಯಲ್ಲಿ ನಾಲ್ಕನೇ ಇಯತ್ತೆಯಲ್ಲಿದ್ದೆ, ತಡೆಯುವ ವಯಸ್ಸಲ್ಲ. ದಿನಾ ಮೊಣಕೈವರೆಗೆ ಗೊಬ್ಬರ ಮೆತ್ತಿಕೊಂಡು ಅವ್ವನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿತ್ತು. ಗೊಬ್ಬರವೂ ತಣ್ಣಗಾಗಿತ್ತು. ನಾಳೆ ಬೀಜ ಹಾಕುವುದೆಂದು ಆಯಿ ಹೇಳಿದ್ದಳು. ಮರುದಿನ ಬೆಳಿಗ್ಗೆ ಅವ್ವ ಬಚ್ಚಲ ಒಲೆಗೆ ಉರಿ ಹಾಕಲು ನನಗೆ ಹೇಳಿದಳು. ರಾಶಿಯಲ್ಲಿದ್ದ ಸೆಗಣಿಯ ಕುಳ್ಳೆಲ್ಲ ತೋಯ್ದಿದ್ದವು. ಸೂರಿನ ಕೆಳಗೆ ಗೋಡೆಯ ಮೇಲೆ ಒಂದು ಮಾತ್ರ ಒಣಗಿ ಗರಿಗರಿಯಾಗಿತ್ತು. ಕಿತ್ತು ಒಲೆಗೆ ತುರುಕಿದೆ. ಚಟಪಟ ಎಂದಿತು. ಹುರಿದ ಬೀಜದ ಘಮ ಬಂತು. ಏನು ಸುಡುತ್ತಿದೆಯೆಂದು ಹೊಳೆಯುವ ಮೊದಲೇ, ನಾಚಿಕೆಗೇಡು, ನನ್ನ ಬಾಯಲ್ಲಿ ನೀರು ಬಂದಿತ್ತು.

ವಾಸನೆಗೆ ಆಯಿ ಬಂದಳು. ಗೋಡೆ ನೋಡಿದಳು, ಒಲೆ ನೋಡಿದಳು.

"ಅಷ್ಟೂ ಹೋದ್ವೇನ?"

ನಾನು ಅಳತೊಡಗಿದೆ. ಆಯಿ ಹೊಡೆಯಲಿಲ್ಲ, ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಎರಡೇಟು ಹಾಕಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗು ಬಿಗಿದು ಎದ್ದಳು.

"ಏಳು, ಹೋಗೂಣು."

ಹೋದದ್ದು ಬಾಜು ಮನೆಯ ಗಂಗವ್ವನಲ್ಲಿಗೆ. ಬಚ್ಚಲ ನೀರು ಯಾರ ಕಡೆ ಹರಿಯಬೇಕೆಂದು ಜಗಳಾಡಿ ಇಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಜಗಳಕ್ಕೂ ಮೊದಲು ಆಯಿ ಅವಳಿಗೆ ಬೀಜ ಕೊಟ್ಟಿದ್ದಳು. ಆಯಿಯ ಬಿಗುಮಾನ ಊರಿಗೇ ಗೊತ್ತು. ಉಪ್ಪು ತೀರಿದರೆ ಸಪ್ಪೆ ಉಂಡಾಳೇ ಹೊರತು ಇನ್ನೊಬ್ಬರ ಬಾಗಿಲು ತಟ್ಟುವವಳಲ್ಲ.

"ಗಂಗವ್ವಾ, ನನ್ನ ಬೀಜಾ ಸುಟ್ಟು ಹೋದ್ವು. ನಾ ಹುಷಾರಿಲೆ ಇಡಲಿಲ್ಲ. ನಿನ್ನ ಕಡೆ ಇದ್ರ ನಾಕು ಕೊಡು."

ನನ್ನ ಹೆಸರನ್ನೇ ಎತ್ತಲಿಲ್ಲ! ಆಯಿಯ ಸೀರೆಯ ಹಿಂದೆ ಅಡಗಿದ್ದ ನನಗೆ ಅವಳು ಅಷ್ಟು ದೊಡ್ಡವಳಾಗಿ ಹಿಂದೆಂದೂ ಕಂಡಿರಲಿಲ್ಲ.

ಗಂಗವ್ವ ಬಾಗಿಲನ್ನು ಪೂರ್ತಿ ತೆರೆದಳು.

"ಕೊಡೂದೇನ ಬೇ ಯಕ್ಕಾ, ನಿನ್ನವ ಅವು. ಬಾಗಲದಾಗ ಯಾಕ ನಿಂತಿ, ಒಳಗ ಬಾ. ಚಾ ಕುಡಿ."

ತನ್ನ ಗೋಡೆಯದನ್ನು ಬಿಡಿಸಿ, ಮುರಿದು, ದೊಡ್ಡ ಹೋಳನ್ನು ಆಯಿಯ ಉಡಿಗೆ ಹಾಕಿದಳು. ಚಹಾ ಕುಡಿಯುತ್ತ ಮೆಲ್ಲಗೆ ಕೇಳಿದಳು: "ಬೀಜಾ ಒಂದ, ಖರೇ ನನ್ನ ಕಾಯಿ ನಿನ್ನಷ್ಟು ದಪ್ಪ ಆಗೂದಿಲ್ಲ. ತಗ್ಗಿನ ತಳಕ್ಕ ಏನ ಹಾಕ್ತಿ?"

ನನ್ನ ಅವ್ವನಿಗೂ ಸರಿಯಾಗಿ ಹೇಳಿರದ ಆಯಿ ಹಂಚು, ಮರಳು, ಗೊಬ್ಬರ, ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ವರ್ಷ ನಡುಗೋಡೆಯ ಎರಡೂ ಬದಿಗೆ ಅಗದಿ ಹಂಡೆಯಂಥ ಕಾಯಿಗಳು ಬಂದವು. ಬಚ್ಚಲ ನೀರಿನ ಸುದ್ದಿಯನ್ನು ಯಾರೂ ಮತ್ತೆ ತೆಗೆಯಲಿಲ್ಲ.

ಈಗ ಆಯಿಯೂ ಇಲ್ಲ, ಗಂಗವ್ವನೂ ಇಲ್ಲ. ಅವರ ಹಿತ್ತಲುಗಳಿಗೆ ಫರಸಿಕಲ್ಲು ಹಾಸಿದ್ದಾರೆ. ಕೊನೆಯ ಕಾಯಿಯ ಬೀಜಗಳನ್ನು ನಾನೇ ನವಲಗುಂದದ ನನ್ನ ಮನೆಗೆ ತಂದು ವರ್ಷ ವರ್ಷ ಬೆಳೆಯುತ್ತಿದ್ದೆ. ಕುಂಬಳ ನೋಡಿ ಆಸೆಪಟ್ಟು ಕೇಳಿದವರಿಗೆಲ್ಲ "ಮುಂದಿನ ವರ್ಷ ಕೊಡ್ತೀನ್ರಿ" ಎನ್ನುತ್ತ, ಬೀಜವನ್ನು ಸ್ಟೀಲ್ ಡಬ್ಬಿಯಲ್ಲಿ ಭದ್ರವಾಗಿ ಇಟ್ಟುಕೊಳ್ಳುತ್ತಿದ್ದೆ. ಹೋದ ವರ್ಷ ತಗ್ಗು ತೋಡಿ, ಗೊಬ್ಬರದಲ್ಲಿ ಕೈಯಿಟ್ಟು ನೋಡಿ, ತಣ್ಣಗಾದ ಮೇಲೆ ಡಬ್ಬಿ ತೆಗೆದರೆ ಬರೀ ಹೊಟ್ಟು, ಹುಳ.

ಆಯಿಯ ಹಾಗೆ ಸೆರಗು ಬಿಗಿದು ಬಾಗಿಲವರೆಗೆ ಬಂದೆ. ಅಲ್ಲಿಯೇ ನಿಂತೆ. ಕೇಳಲು ಯಾರ ಮನೆಗೆ ಹೋಗಲಿ? ನಾನು ಯಾರಿಗೂ ಒಂದು ಬೀಜ ಕೊಟ್ಟಿರಲಿಲ್ಲ.