ಇದ್ದಲು ಎಂದಷ್ಟೇ ಬರೆದ ಗೆಳೆಯ

ಇಸ್ತ್ರಿ ಪೆಟ್ಟಿಗೆಗೆ ಎಂಥ ಇದ್ದಲು ಹಾಕುತ್ತೀರಿ ಎಂದು ತಿಪಟೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಮಿತ್ರರೇ. ಕೇಳಿದವರ ತಲೆ ನೆಟ್ಟಗಿದೆಯೇ ಎಂದು ಒಮ್ಮೆ ದಿಟ್ಟಿಸಿಯಾರು. ಕೊಬ್ಬರಿ ತೆಗೆದು ಉಳಿದ ಚಿಪ್ಪನ್ನು ಗುಂಡಿಯಲ್ಲಿ ಸುಟ್ಟು, ಮಣ್ಣು ಮುಚ್ಚಿ ಆರಿಸಿದ್ದೇ ನಮ್ಮಲ್ಲಿ ಇದ್ದಲು. ಅಕ್ಕಸಾಲಿಗನ ಕುಲುಮೆಗೂ ಅದೇ, ಬಾಣಂತಿಯ ಅಗ್ಗಿಷ್ಟಿಕೆಗೂ ಅದೇ, ನನ್ನಂಥ ಕನ್ನಡ ಮೇಷ್ಟರ ಇರುವ ಒಂದೇ ಒಳ್ಳೆಯ ಷರ್ಟಿಗೂ ಅದೇ. ಲೋಕದಲ್ಲಿ ಬೇರೆ ಇದ್ದಲೂ ಉಂಟೆಂಬುದು ನಮಗೆ ಹೊಳೆಯುವುದೇ ಇಲ್ಲ. ನನ್ನ ಗೆಳೆಯ ಗಂಗಾಧರಯ್ಯನಿಗೂ ಹೊಳೆಯಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆವು. ಅವನು ಹತ್ತಿರದ ದಂಡಿನಶಿವರದವನು, ರಸಾಯನಶಾಸ್ತ್ರದವನು. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಕಾಲೇಜಿನ ಪ್ರಯೋಗಾಲಯದಲ್ಲಿ, ತಾಯಿ ಗೌರಮ್ಮ ಸುಟ್ಟುಕೊಟ್ಟ ಇದ್ದಲನ್ನು ಪುಡಿಮಾಡಿ, ಯಾವುದೋ ಬಣ್ಣದ ದ್ರಾವಣದೊಡನೆ ಕುದಿಸಿ, ಶೋಧಿಸಿ ತಣಿಸಿ, ಹಳದಿ ಹರಳುಗಳನ್ನು ಬೆಳೆಸುತ್ತಿದ್ದ. ಬೆಳಕು ಬಿದ್ದರೆ ಆ ಹರಳಿನಲ್ಲಿ ವಿದ್ಯುತ್ತು ಹರಿಯುತ್ತಿತ್ತು. ಮಾಪಕದ ಮುಳ್ಳು ಅಲುಗಿದ ದಿನ, ಏನೂ ತಿಳಿಯದ ನಾನೇ ಅವನಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೆ. ಅದರ ವಿಚಾರವಾಗಿ ಅವನ ಲೇಖನ ವಿದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

"ಅಚ್ಚಾದ್ರೆ ಆಗ್ಲಿಲ್ಲ ಕಣಯ್ಯಾ, ಬೇರೆಯೋರು ಬರೆಯೋವಾಗ ನಮ್ಮ ಹೆಸ್ರು ಎತ್ಬೇಕು. ಆಗ್ಲೇ ಮಾಡಿದ್ದು ಸಾರ್ಥಕ," ಎನ್ನುತ್ತಿದ್ದ. ವರ್ಷಗಳು ಕಳೆದರೂ ಯಾರೂ ಎತ್ತಲಿಲ್ಲ. ಎಂಬತ್ತರ ಆಚೆಗೆ ಕೊನೆಗೂ ಒಬ್ಬರು ಎತ್ತಿದರು: ಈತ ಹೇಳಿದಂತೆಯೇ ಮಾಡಿ ನೋಡಿದೆವು, ಹರಳು ಬಂತು, ವಿದ್ಯುತ್ತು ಹರಿಯಲಿಲ್ಲ, ಈತನ ಮಾತು ಸರಿಯಲ್ಲ.

ಗಂಗಾಧರಯ್ಯನಿಗೆ ಅನ್ನ ಸೇರದಾಯಿತು. ತನ್ನ ಲೇಖನವನ್ನು ತಾನೇ ಮತ್ತೆ ಮತ್ತೆ ಓದಿ ಒಂದು ದಿನ ತಪ್ಪನ್ನು ಹಿಡಿದ. ಕಾವು, ಅಳತೆ, ಹೊತ್ತು ಎಲ್ಲವನ್ನೂ ಬರೆದವನು ಇದ್ದಲನ್ನು ಮಾತ್ರ ಬರಿಯ ಇದ್ದಲು ಎಂದಿದ್ದ. ಅವರು ತಮ್ಮ ಕಡೆ ಸಿಗುವ ಮರದ ಇದ್ದಲು ಹಾಕಿದ್ದರು. ಚಿಪ್ಪಿನ ಇದ್ದಲಿನಿಂದ ಇಳಿದ ಯಾವುದೋ ಲವಣ ಹರಳಿನೊಳಗೆ ಸೇರಿ ಆ ಕೆಲಸ ಮಾಡುತ್ತಿತ್ತೆಂದು ಅವನಿಗೆ ಖಾತ್ರಿಯಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಅವ್ವಾ, ನಿನ್ನ ಇದ್ಲು ಎಂಥದ್ದು ಅಂತ ಬರೆಯೋದನ್ನೇ ಮರೆತೆ," ಎಂದ.

"ಇದ್ಲಿಗೂ ಒಂದು ಹೆಸ್ರು ಬೇಕೇನ್ಲಾ ಮಗಾ? ಇನ್ನೊಂದು ಚೀಲ ಸುಟ್ಕೊಡ್ತೀನಿ ಬುಡು," ಎಂದಳು ಗೌರಮ್ಮ.

ಅವನು ಇದನ್ನು ಬರೆದು ತಿಳಿಸಿದಾಗ ಪತ್ರಿಕೆಯವರು, ಎರಡೂ ಬಗೆಯ ಇದ್ದಲಿನಲ್ಲಿ ಮಾಡಿ ತೋರಿಸಿದರೆ ತಿದ್ದುಪಡಿ ಹಾಕುತ್ತೇವೆ ಎಂದರು. ಗೌರಮ್ಮ ಚೀಲ ತಂದಿಳಿಸಿದಳು. ಅಷ್ಟರಲ್ಲಿ ಅವನಿಗೆ ಕಾಮಾಲೆ ಹತ್ತಿತು. ಸುಧಾರಿಸಿಕೊಂಡು ಮಾಡುತ್ತೇನೆ ಎನ್ನುತ್ತಲೇ ಹೋಗಿಬಿಟ್ಟ. ಚೀಲದ ಬಾಯಿ ಬಿಚ್ಚಿರಲಿಲ್ಲ.

ಕೆಲವು ವರ್ಷಗಳ ಮೇಲೆ ಬೆಂಗಳೂರಿಗೆ ಹೋದವನು, ಯಾರ ಲೇಖನವನ್ನು ಯಾರು ನೆನೆದಿದ್ದಾರೆಂದು ಪಟ್ಟಿಮಾಡುವ ದಪ್ಪ ಸಂಪುಟಗಳನ್ನು ಗ್ರಂಥಾಲಯದಲ್ಲಿ ತೆರೆಸಿದೆ. ಗಂಗಾಧರಯ್ಯನ ಹೆಸರಿನ ಕೆಳಗೆ ಉದ್ದನೆಯ ಸಾಲು! ಹಿಗ್ಗಿ ಹೀರೇಕಾಯಿಯಾದೆ. ಜೊತೆಗಿದ್ದ, ಎಂದೋ ನಿವೃತ್ತರಾದ ರಸಾಯನಶಾಸ್ತ್ರದ ಮಿತ್ರರೊಬ್ಬರು ಒಂದೆರಡನ್ನು ತೆಗೆದು ಓದಿ ಮೆಲ್ಲಗೆ ಹೇಳಿದರು: ಎಲ್ಲರೂ ನೆನೆದಿರುವುದು ಇವರ ಮಾತು ಸುಳ್ಳೆಂದೇ, ಹೀಗೆ ಮೋಸಹೋಗಬೇಡಿರೆಂದು ಎಚ್ಚರಿಸಲಿಕ್ಕೆ. ಮರೆತೇ ಬಿಟ್ಟಿದ್ದರೆ ಎಷ್ಟು ಚೆನ್ನಿತ್ತು ಎನ್ನಿಸಿತು. ಸತ್ತವರನ್ನು ನಾಲ್ಕು ಜನ ನೆನೆಯಲಿ ಎಂದು ಹಾರೈಸುವ ನಾವು, ಹೇಗೆ ನೆನೆಯಲಿ ಎಂಬುದನ್ನು ಎಂದೂ ಕೇಳಿಕೊಂಡವರಲ್ಲ. ಅವನ ಪರವಾಗಿ ಆ ಹರಳನ್ನು ಇನ್ನೊಮ್ಮೆ ಬೆಳೆಸಿ ತೋರಿಸುವ ವಿದ್ಯೆ ನನಗಿರಲಿಲ್ಲ. ಆ ಸಂಕಟ ಇಂದಿಗೂ ಇದೆ.

ಬರುವಾಗ ದಂಡಿನಶಿವರದಲ್ಲಿ ಇಳಿದೆ. ಗೌರಮ್ಮ ನೀರು ಕೊಟ್ಟು ಕೇಳಿದಳು, "ನನ್ ಮಗನ್ ಹೆಸ್ರು ಯಾರಾನ ಎತ್ತವ್ರಾ ಮೇಷ್ಟ್ರೇ?"

"ತುಂಬ ಜನ ಎತ್ತಿದ್ದಾರವ್ವಾ," ಎಂದೆ. ಸುಳ್ಳೇನಲ್ಲ.

"ಹಂಗಾರೆ ಒಬ್ರಾದ್ರೂ ಕೇಳ್ಕೊಂಡು ಬತ್ತಾರೆ," ಎನ್ನುತ್ತ ಒಳಗಿನಿಂದ ಹೊಸದಾಗಿ ಸುಟ್ಟ ಇದ್ದಲಿನ ಚೀಲವೊಂದನ್ನು ಎಳೆದು ತಂದಳು. "ಎಂಥದ್ದು ಅಂತ ಇದ್ರ ಮ್ಯಾಲೆ ಬರ್ದು ಹೋಗಿ. ಈ ಸಲ ಮರೀಬಾರ್ದು."

ಕಣ್ಣು ಮಂಜಾಗಿ ಅಕ್ಷರ ಸೊಟ್ಟಗಾದವು. ಆದರೂ ಬರೆದೆ: ತೆಂಗಿನ ಚಿಪ್ಪಿನ ಇದ್ದಲು, ದಂಡಿನಶಿವರ.